ಊರೂರು ತಿರುಗುವ ಸ್ಟ್ರೈಕರ್

ನಮ್ಮ ಸಾಂಗಲಿ-ಮಿರಜ ಭಾಗದಲ್ಲಿ ಪೈಲವಾನರು ಊರೂರು ತಿರುಗುವುದು ಹೊಸದಲ್ಲ. ಎಲ್ಲಿ ಜಾತ್ರೆಯೋ ಅಲ್ಲಿ ಕುಸ್ತಿ, ಎಲ್ಲಿ ಕುಸ್ತಿಯೋ ಅಲ್ಲಿ ಪೈಲವಾನ. ಅವನನ್ನು ಯಾರೂ ದೂರುವುದಿಲ್ಲ. ಆದರೆ ಫುಟ್‌ಬಾಲ್ ಆಟಗಾರ ಒಂದು ಕ್ಲಬ್ ಬಿಟ್ಟು ಇನ್ನೊಂದನ್ನು ಸೇರಿದರೆ ಮಾತ್ರ, 'ಇವನಿಗೆ ನಿಷ್ಠೆ ಇಲ್ಲ, ದುಡ್ಡಿನ ಹಿಂದೆ ಬಿದ್ದವನು' ಎಂದುಬಿಡುತ್ತೇವೆ. ಈ ಮಾತು ಎಷ್ಟು ಸರಿ? ಇಂದು ವಿಚಾರ ಮಾಡೋಣ.

ಸ್ಟ್ರೈಕರ್ ಎಂದರೆ ತಂಡದ ತುತ್ತತುದಿಯಲ್ಲಿ ನಿಂತು ಗೋಲು ಹೊಡೆಯುವವನು. ಹಿಂದಿನವರ ಆಟಕ್ಕೆ ಹತ್ತು ಅಳತೆಗಳಿವೆ. ಇವನಿಗೆ ಒಂದೇ, ಗೋಲಿನ ಲೆಕ್ಕ. ಐದಾರು ಪಂದ್ಯ ಗೋಲು ಬಾರದಿದ್ದರೆ ಅವನ ಜಾಗಕ್ಕೆ ಮತ್ತೊಬ್ಬ ಬರುತ್ತಾನೆ. ಆಟಗಾರನಿಗೂ ಕ್ಲಬ್ಬಿಗೂ ನಡುವೆ ಇರುವುದು ಕರಾರುಪತ್ರ. ಅದರ ಅವಧಿ ಮುಗಿದರೆ ಆತ ಸ್ವತಂತ್ರ. ಮುಗಿಯುವ ಮೊದಲು ಹೋಗಬೇಕಾದರೆ ಹೊಸ ಕ್ಲಬ್ಬು ಹಳೆಯದಕ್ಕೆ ಹಣ ತೆರಬೇಕು. ಸ್ವಲ್ಪ ಕಾಲದ ಮಟ್ಟಿಗೆ ಎರವಲು ಕೊಡುವುದೂ ಉಂಟು.

ಇನ್ನು ಭಾರತದ ಅತಿ ದೊಡ್ಡ ಸ್ಟ್ರೈಕರ್ ಸುನಿಲ್ ಛೇತ್ರಿ ಅವರ ದಾರಿಯನ್ನು ನೋಡೋಣ. ಹುಟ್ಟಿದ್ದು 1984ರಲ್ಲಿ, ಸಿಕಂದರಾಬಾದಿನಲ್ಲಿ. ತಂದೆ ಸೈನ್ಯದಲ್ಲಿದ್ದವರು, ತಾಯಿ ನೇಪಾಳದ ಪರ ಫುಟ್‌ಬಾಲ್ ಆಡಿದವರು. 2002ರಲ್ಲಿ ಕೋಲ್ಕತ್ತದ ಮೋಹನ್ ಬಾಗಾನ್, 2005ರಲ್ಲಿ ಪಂಜಾಬಿನ ಜೆಸಿಟಿ, 2008ರಲ್ಲಿ ಈಸ್ಟ್ ಬೆಂಗಾಲ್, 2009ರಲ್ಲಿ ಗೋವಾದ ಡೆಂಪೊ. 2010ರಲ್ಲಿ ಅಮೆರಿಕದ ಕಾನ್ಸಾಸ್ ಸಿಟಿ, ಮರುವರ್ಷ ಚಿರಾಗ್ ಯುನೈಟೆಡ್, ಮತ್ತೆ ಮೋಹನ್ ಬಾಗಾನ್. 2012ರಲ್ಲಿ ಪೋರ್ಚುಗಲ್ಲಿನ ಸ್ಪೋರ್ಟಿಂಗ್, ಅಲ್ಲಿಂದ 2013ರಲ್ಲಿ ಗೋವಾದ ಚರ್ಚಿಲ್ ಬ್ರದರ್ಸ್‌ಗೆ ಎರವಲು. ಹನ್ನೊಂದು ವರ್ಷಗಳಲ್ಲಿ ಎಂಟು ಕ್ಲಬ್‌ಗಳು, ಮೂರು ದೇಶಗಳು!

ಪರದೇಶದ ಅನುಭವ ಸಿಹಿಯೇನೂ ಆಗಿರಲಿಲ್ಲ. 2009ರಲ್ಲಿ ಲಂಡನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಕ್ಲಬ್ಬು ಅವರನ್ನು ತೆಗೆದುಕೊಳ್ಳಲು ಒಪ್ಪಿತ್ತು. ಆದರೆ ವಿಶ್ವ ಕ್ರಮಾಂಕದಲ್ಲಿ ಭಾರತ ಮೊದಲ 70ರೊಳಗೆ ಇಲ್ಲವೆಂದು ಬ್ರಿಟನ್ನಿನಲ್ಲಿ ಕೆಲಸದ ಪರವಾನಗಿ ಸಿಗಲಿಲ್ಲ. ಅಮೆರಿಕದಲ್ಲಿ ಲೀಗಿನ ಒಂದು ಪಂದ್ಯವೂ ಸಿಗದೆ ಮರಳಿದರು. ಪೋರ್ಚುಗಲ್ಲಿನಲ್ಲೂ ಎರಡನೇ ತಂಡದಲ್ಲಿ ಬೆರಳೆಣಿಕೆಯ ಪಂದ್ಯಗಳು ಮಾತ್ರ.

ದೇಶದೊಳಗಿನ ಅಲೆದಾಟಕ್ಕೆ ಕಾರಣ ಬೇರೆಯೇ ಇದೆ. ನಮ್ಮಲ್ಲಿ ಆಟಗಾರನಿಗಿಂತ ಮೊದಲು ಕ್ಲಬ್ಬೇ ನಿಲ್ಲುವುದಿಲ್ಲ. ಮುಂಬಯಿಯ ಮಹೀಂದ್ರಾ ಯುನೈಟೆಡ್ 2010ರಲ್ಲಿ ಬಾಗಿಲು ಹಾಕಿತು. ಛೇತ್ರಿ ಆಡಿದ್ದ ಜೆಸಿಟಿ 2011ರಲ್ಲಿ. ಇದರ ಮೇಲೆ ಇನ್ನೊಂದು ತೊಡಕು: ಕ್ಲಬ್‌ಗಳು ವಿದೇಶಿ ಆಟಗಾರರನ್ನು ತರುವಾಗ ಹೆಚ್ಚಾಗಿ ಸ್ಟ್ರೈಕರ್‌ಗಳನ್ನೇ ತರುತ್ತವೆ. 2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಆರಂಭವಾದಾಗ ಹನ್ನೊಂದು ಜನರಲ್ಲಿ ಆರು ವಿದೇಶಿಯರು ಆಡಬಹುದಿತ್ತು; 2021ರ ಹೊತ್ತಿಗೆ ಅದು ನಾಲ್ಕಕ್ಕೆ ಇಳಿಯಿತು. ಆಗ ದೇಶಿ ಸ್ಟ್ರೈಕರ್ ಬದಿಗೆ ಸರಿದು ಆಡಬೇಕು, ಬೆಂಚಿನ ಮೇಲೆ ಕೂಡಬೇಕು, ಇಲ್ಲವೆ ಗಂಟುಮೂಟೆ ಕಟ್ಟಬೇಕು.

ನಿಲ್ಲುವ ಕ್ಲಬ್ ಸಿಕ್ಕರೆ ಏನಾಗುತ್ತದೆ? 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿತು, ಛೇತ್ರಿ ಅದನ್ನು ಸೇರಿದರು. ಮೊದಲ ವರ್ಷವೇ ಐ-ಲೀಗ್ ಪ್ರಶಸ್ತಿ ಬಂತು. 2016ರಲ್ಲಿ ಎಎಫ್‌ಸಿ ಕಪ್ಪಿನ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಅದಾಯಿತು. 2018-19ರಲ್ಲಿ ಸೂಪರ್ ಲೀಗನ್ನೂ ಗೆದ್ದಿತು. ಎರಡು ಲೀಗುಗಳು ಬೇರೆಬೇರೆ ನಡೆಯುತ್ತಿದ್ದಾಗ 2015 ಮತ್ತು 2016ರಲ್ಲಿ ಮುಂಬಯಿ ಸಿಟಿ ಪರ ಆಡಿದ್ದನ್ನು ಬಿಟ್ಟರೆ, ಹತ್ತು ವರ್ಷಕ್ಕೂ ಮಿಕ್ಕಿ ಅವರು ಬೆಂಗಳೂರನ್ನು ಬಿಡಲಿಲ್ಲ. 2024-25ರಲ್ಲಿ, ನಲವತ್ತರ ವಯಸ್ಸಿನಲ್ಲಿ, ಲೀಗಿನಲ್ಲಿ 14 ಗೋಲು ಹೊಡೆದರು. ಅಲೆಮಾರಿ ಎನಿಸಿದವನಿಗೆ ಬೇಕಾಗಿದ್ದದ್ದು ಒಂದು ನೆಲೆ ಅಷ್ಟೆ!

ನಮ್ಮ ನೆರೆಯ ಕೊಲ್ಹಾಪುರದಲ್ಲಿ ತಾಲೀಮುಗಳ ಹೆಸರಿನಲ್ಲೇ ಫುಟ್‌ಬಾಲ್ ತಂಡಗಳಿವೆ. ಅದೇ ಊರಿನ ಅನಿಕೇತ ಜಾಧವ ಕೂಡ ಮುಂಚೂಣಿಯ ಆಟಗಾರ. 2017ರಲ್ಲಿ ಭಾರತದಲ್ಲೇ ನಡೆದ 17 ವರ್ಷದೊಳಗಿನವರ ವಿಶ್ವಕಪ್ಪಿನಲ್ಲಿ ಆಡಿದ ಹುಡುಗ. ಆಮೇಲೆ ಇಂಡಿಯನ್ ಆ್ಯರೋಸ್, ಜಮ್‌ಶೆಡ್‌ಪುರ, ಹೈದರಾಬಾದ್, ಒಡಿಶಾ. ಹೈದರಾಬಾದ್ 2022ರಲ್ಲಿ ಸೂಪರ್ ಲೀಗ್ ಗೆದ್ದ ಕ್ಲಬ್ಬು. ಎರಡೇ ವರ್ಷದೊಳಗೆ ಅಲ್ಲಿ ಸಂಬಳ ಬಾಕಿ ಉಳಿದು ಆಟಗಾರರು ಚದುರಿದರು. 2025ರಲ್ಲಿ ಕ್ಲಬ್ಬೇ ಹೆಸರು ಬದಲಿಸಿಕೊಂಡು ದೆಹಲಿಗೆ ಹೋಯಿತು. ಹೀಗೆ ಊರು ಬಿಟ್ಟದ್ದು ಕ್ಲಬ್ಬು, ಮಾತು ಕೇಳುವವನು ಆಟಗಾರ! ಅದೇ ವರ್ಷದ ಆಗಸ್ಟ್‌ನಲ್ಲಿ, ಲೀಗು ನಡೆಯುತ್ತದೋ ಇಲ್ಲವೋ ಎಂಬ ಸ್ಥಿತಿ ಬಂದಾಗ, ಗಟ್ಟಿ ಎನಿಸಿದ್ದ ಬೆಂಗಳೂರು ಎಫ್‌ಸಿ ಸಹ ಮೊದಲ ತಂಡದ ಸಂಬಳವನ್ನು ತಡೆಹಿಡಿಯಿತು.

ಮಿರಜದಲ್ಲಾಗಲಿ ಜತ್ತದಲ್ಲಾಗಲಿ, ಚೆಂಡಿನ ಹಿಂದೆ ಓಡುವ ಮಗನನ್ನು ಕಂಡು 'ಇದು ಹೊಟ್ಟೆಗೆ ಹಿಟ್ಟು ಕೊಡುತ್ತದೆಯೇ?' ಎಂದು ಕೇಳುವ ತಂದೆ-ತಾಯಿಯರಿದ್ದಾರೆ. ಪ್ರಶ್ನೆ ತಪ್ಪಲ್ಲ. ಕೊಡಬಹುದು, ಆದರೆ ಒಂದೇ ಊರಿನಲ್ಲಿ ಕೊಡುವುದಿಲ್ಲ. ಸಾಮಾನ್ಯವಾಗಿ ಮೂವತ್ತೈದು ದಾಟಿದ ಮೇಲೂ ಕೊಡುವುದಿಲ್ಲ. ಹುಡುಗನನ್ನು ಆಟಕ್ಕೆ ಕಳಿಸುವಾಗ ಶಾಲೆ ಬಿಡಿಸಬೇಡಿ. ಎರಡು ಮೂರು ಭಾಷೆ ಬರಲಿ. ಗಡಿಯ ಮಕ್ಕಳಿಗೆ ಅದು ಹೇಗೂ ಬಂದೇ ಇರುತ್ತದೆ. ಕರಾರಿಗೆ ಸಹಿ ಹಾಕುವ ಮೊದಲು ಸಂಬಳದ ಮೊತ್ತವನ್ನಷ್ಟೇ ನೋಡಬೇಡಿ. ಅವಧಿ ಎಷ್ಟು, ಕಾಲು ಮುರಿದರೆ ಖರ್ಚು ಯಾರದು, ಆ ಕ್ಲಬ್ಬು ಹಿಂದಿನ ಆಟಗಾರರ ಬಾಕಿ ತೀರಿಸಿದೆಯೇ ಎಂಬುದನ್ನೂ ವಿಚಾರಿಸಿ. ಮುಂದೆ ಅವನು ನಾಲ್ಕು ಕ್ಲಬ್ ಬದಲಿಸಿದನೆಂದು ಯಾರಾದರೂ ಆಡಿಕೊಂಡರೆ, ಆ ನಾಲ್ಕರಲ್ಲಿ ಎಷ್ಟು ಕ್ಲಬ್ಬುಗಳು ಇನ್ನೂ ಉಳಿದಿವೆ ಎಂದು ಕೇಳಿ.