ಬೂಷ್ಟಿಗೂ ದಿಕ್ಕುಂಟು

ಆಷಾಢದ ಮಳೆ ಹಿಡಿದು ಅಡಕೆಯ ಎಳೆಗಾಯಿಗಳು ಮರದಡಿ ಉದುರತೊಡಗಿದೊಡನೆ, ಸಾಗರ, ಹೊಸನಗರ, ತೀರ್ಥಹಳ್ಳಿಗಳ ತೋಟಗಳಲ್ಲಿ ವರ್ಷವರ್ಷವೂ ಒಂದೇ ಮಾತು ಕೇಳಿಬರುತ್ತದೆ: ಮಳೆನೀರು ಇಳಿದು ಕಾಯಿ ಕೊಳೆಯಿತು, ಕೊಳೆತದ್ದರಿಂದ ಬೂಷ್ಟು ತಾನಾಗಿ ಹುಟ್ಟಿ ದಿಕ್ಕುದೆಸೆಯಿಲ್ಲದೆ ಹಬ್ಬಿತು. ಓದುಬರಹ ಬಲ್ಲವರೂ ಹೀಗೆನ್ನುವಾಗ ನನಗೆ ಸಹನೆ ಉಳಿಯುವುದಿಲ್ಲ. ಏಕೆಂದರೆ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ನರು ಈ ಕೊಳೆರೋಗಕ್ಕೆ ಫೈಟಾಫ್ಥೋರ ಎಂಬ ಜೀವಿಯೇ ಕಾರಣವೆಂಬುದನ್ನು 1910ರಲ್ಲಿಯೇ ಸವಿಸ್ತಾರವಾಗಿ ಪ್ರಕಟಿಸಿದ್ದರು.

ಹಿರಿಯರು ಅಡಕೆಯ ಗೊನೆಗೆ ಮಳೆ ತಾಗದಂತೆ ಕೊಟ್ಟೆ ಕಟ್ಟಿ ಕೊಳೆಯನ್ನು ತಡೆಯುತ್ತಿದ್ದರಲ್ಲ, ನೀರೇ ರೋಗವೆಂಬುದಕ್ಕೆ ಇನ್ನೇನು ಸಾಕ್ಷಿ ಬೇಕು ಎಂದು ವಾದಿಸುವವರುಂಟು. ಸಾಕ್ಷಿ ನಿಜ, ತೀರ್ಮಾನ ತಪ್ಪು. ನೀರು ರೋಗವಲ್ಲ, ರೋಗದ ಹಾದಿ. ಮರದಿಂದ ಮರಕ್ಕೆ ಫೈಟಾಫ್ಥೋರವನ್ನೊಯ್ಯುವುದು ಗಾಳಿಮಳೆಯೇ ಹೌದು. ಆದರೆ ತೆಳುವಾದ ನೀರಿನ ಪೊರೆ ದೊರೆತೊಡನೆ ಅದರ ಬೀಜಕೋಶದಿಂದ ಹೊರಬೀಳುವ, ಎರಡೆರಡು ಕಶಾಂಗಗಳುಳ್ಳ ಚರಬೀಜಾಣುಗಳು ಈಜಬಲ್ಲವು, ಮತ್ತು ಸಸ್ಯಗಳಿಂದ ಒಸರುವ ಸಕ್ಕರೆ, ಅಮೈನೋ ಆಮ್ಲ ಮುಂತಾದ ದ್ರವ್ಯಗಳು ಎತ್ತ ಸಾಂದ್ರವೋ ಅತ್ತ ತಿರುಗುವುದು ಫೈಟಾಫ್ಥೋರಗಳ ಕುಲಧರ್ಮ. ಇದು ನಿಜವಾದ ಶಿಲೀಂಧ್ರವೂ ಅಲ್ಲ, ಕಂದುಪಾಚಿಗಳ ಬಂಧು. ಆದರೂ ಎಳೆಎಳೆಯಾಗಿ ಬೆಳೆಯುವ ರೀತಿ ಬೂಷ್ಟಿನದೇ.

ಎಳೆಗಳಿಗೂ ದಿಕ್ಕಿನ ಅರಿವುಂಟೆಂಬುದು ಹೊಸ ಸಂಗತಿಯಲ್ಲ. ಜರ್ಮನಿಯ ಲೈಪ್ಜಿಗ್‌ನಲ್ಲಿ ಫೆಫರ್ ಎಂಬ ವಿದ್ವಾಂಸನ ಬಳಿ ದುಡಿಯುತ್ತಿದ್ದ ಜಪಾನಿನ ಮಿಯೋಷಿಯು ಎಲೆಗಳೊಳಗೆ ಸಕ್ಕರೆಯ ದ್ರಾವಣವನ್ನು ತುಂಬಿ ಮೇಲೆ ಬೂಷ್ಟಿನ ಬೀಜಾಣುಗಳನ್ನು ಬಿತ್ತಲು, ಮೊಳೆತ ಎಳೆಗಳು ಪತ್ರರಂಧ್ರಗಳತ್ತ ಬಾಗಿ ಒಳಹೊಕ್ಕುದನ್ನು 1894ರಲ್ಲಿ ವರದಿ ಮಾಡಿದನು. ಆಹಾರವೇ ಎಲ್ಲವನ್ನೂ ನಿರ್ಧರಿಸುವುದಿಲ್ಲವೆಂದು 1906ರಲ್ಲಿ ಫುಲ್ಟನ್ ಎಂಬ ಸಂಶೋಧಕನು ತಿದ್ದಿದನು: ಎಳೆಗಳು ತಮ್ಮ ಜಾತಿಯ ಎಳೆಗಳು ಈಗಾಗಲೇ ದಟ್ಟವಾಗಿರುವ ತಾಣದಿಂದ ವಿಮುಖವಾಗುತ್ತವೆ. 2015ರಲ್ಲಿ ಸ್ಪೇನಿನ ಸಂಶೋಧಕರು, ಟೊಮೇಟೊ ಬೇರು ಸ್ರವಿಸುವ ಪೆರಾಕ್ಸಿಡೇಸ್ ಎಂಬ ಕಿಣ್ವವನ್ನರಸಿ ಫ್ಯುಸೇರಿಯಮ್ ಎಂಬ ಶಿಲೀಂಧ್ರವು ಬೆಳೆಯುವುದನ್ನೂ, ಸಂಗಾತಿಯನ್ನು ಗುರುತಿಸುವ ಗ್ರಾಹಕದಿಂದಲೇ ಅದನ್ನು ಗ್ರಹಿಸುವುದನ್ನೂ ತೋರಿಸಿದರು. ಎಳೆ ಬೆಳೆಯುವುದು ತುದಿಯಲ್ಲಿ ಮಾತ್ರ. ಕೋಶಭಿತ್ತಿಯನ್ನು ಕಟ್ಟುವ ಸಾಮಗ್ರಿ ತುದಿಯ ಯಾವ ಪಾರ್ಶ್ವಕ್ಕೆ ಹೆಚ್ಚು ಹರಿಯುವುದೋ ಎಳೆ ಆ ಕಡೆಗೆ ಬಾಗುತ್ತದೆ. ಇಂತಹುದನ್ನು ದಿಕ್ಕುದೆಸೆಯಿಲ್ಲದ್ದೆನ್ನುವುದು ಹೇಗೆ?

ಇಂತಹ ತಪ್ಪು ನಂಬಿಕೆಗಳು ಇನ್ನೂ ಇವೆ. ಬೆಲ್ಲದ ಮೇಲಿನ ಬೂಷ್ಟನ್ನು ಕೆರೆದರೆ ಉಳಿದುದೆಲ್ಲ ಶುದ್ಧವೆಂಬುದೂ ತಪ್ಪು. ಎಳೆಗಳು ಕಣ್ಣಿಗೆ ಕಾಣುವುದಕ್ಕಿಂತ ಒಳಗೆ ಇಳಿದಿರಬಹುದು. ಕೊಳೆಗೆ ಸಿಂಪಡಿಸುವ ಬೋರ್ಡೋ ದ್ರಾವಣದಲ್ಲಿ ಸುಣ್ಣದೊಡನೆ ಬೆರೆಸುವ ಮೈಲುತುತ್ತು ಹೆಚ್ಚಾದಷ್ಟೂ ಗುಣ ಹೆಚ್ಚೆಂಬುದು ಅದಕ್ಕಿಂತ ಹಾನಿಕರ: ಸುಣ್ಣ ಸಾಲದಾದರೆ ಬಿಡುಗಡೆಯಾಗಿ ಉಳಿದ ತಾಮ್ರ ಎಳೆಗಾಯಿಯನ್ನೇ ಸುಡುತ್ತದೆ. ಉಜ್ಜಿ ಬೆಳಗಿದ ಕತ್ತಿಯ ಅಲಗನ್ನು ದ್ರಾವಣದಲ್ಲಿ ಅದ್ದಿದಾಗ ಕೆಂಪು ಲೇಪ ಕೂತರೆ ಇನ್ನಷ್ಟು ಸುಣ್ಣ ಬೇಕೆಂದು ತಿಳಿಯಬೇಕು.

ಕಾರಣವನ್ನರಿಯದ ಮನಸ್ಸು ಪರಿಹಾರವನ್ನೂ ಹೀಗೆಯೇ ತಪ್ಪಾಗಿ ನಂಬುತ್ತದೆ. ಮಳೆಯೇ ರೋಗವೆಂದುಕೊಂಡವನು ಕಾಯಿ ಉದುರುವವರೆಗೆ ಕಾದು, ಆಮೇಲೆ ಬಂದ ರೋಗವನ್ನು ಓಡಿಸುವುದೆಂದು ಹೆಸರಿಲ್ಲದ ಶೀಸೆಯ ದ್ರವವನ್ನು ಕೊಳ್ಳುತ್ತಾನೆ. ಕಾಯಿಯೊಳಗೆ ಇಳಿದ ಎಳೆಯನ್ನು ಬೋರ್ಡೋ ದ್ರಾವಣವೂ ಮುಟ್ಟಲಾರದು. ಮೊಳಕೆ ಒಳನುಗ್ಗುವ ಮುನ್ನ ಅದನ್ನು ಕಾಯಿಯ ಮೇಲೆಯೇ ಕೊಲ್ಲುವ ಲೇಪವದು. ಆದುದರಿಂದ ತೋಟವುಳ್ಳವರಲ್ಲಿ ನನ್ನ ವಿನಂತಿ ಇಷ್ಟೇ: ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣದಂತೆ ಮಳೆ ಬಲಿಯುವ ಮೊದಲೇ ಒಮ್ಮೆ, 40-45 ದಿನಗಳ ಮೇಲೆ ಮತ್ತೊಮ್ಮೆ ಸಿಂಪಡಿಸಿರಿ, ಉದುರಿದ ಕೊಳೆಗಾಯಿಗಳನ್ನು ತೋಟದಲ್ಲಿ ಬಿಡದೆ ಆಯ್ದು ನಾಶಮಾಡಿರಿ.