ಮುಚ್ಚಳಿಕೆಯಲ್ಲಿ ಮುಗಿಯದ ಅಮ್ಮನ ದೂರು

ಗಂಡನ ಹೊಡೆತ ತಾಳಲಾರದೆ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದ ಹೆಂಗಸಿನ ಕೈಗೆ ಕೊನೆಗೆ ಸಿಗುವುದೇನು? ಎಷ್ಟೋ ಸಲ ಒಂದು ಮುಚ್ಚಳಿಕೆ. ಇನ್ನು ಮುಂದೆ ಹೊಡೆಯುವುದಿಲ್ಲ ಎಂದು ಅವನು, ದೂರನ್ನು ಮುಂದುವರಿಸಲು ಇಷ್ಟವಿಲ್ಲ ಎಂದು ಅವಳು. ಇಬ್ಬರದೂ ಸಹಿ, ಜೊತೆಗೆ ಊರಿನ ಇಬ್ಬರು ದೊಡ್ಡ ಮನುಷ್ಯರ ಸಾಕ್ಷಿ. ಕೊನೆಯ ಬಸ್ಸಿಗೆ ಗಂಡ ಹೆಂಡತಿ ಒಟ್ಟಿಗೇ ಮನೆ ಸೇರುತ್ತಾರೆ. ಆ ರಾತ್ರಿ ಆ ಮನೆಯಲ್ಲಿ ಏನು ನಡೆಯಿತೆಂಬುದು ಯಾವ ಕಡತದಲ್ಲೂ ಇರುವುದಿಲ್ಲ. ಗೊತ್ತಿರುವುದು ಮಕ್ಕಳಿಗೆ ಮಾತ್ರ.

ಆ ಮಕ್ಕಳೇ ಠಾಣೆಗೆ ಹೋಗಿ, ‘ನಮ್ಮಮ್ಮನ ದೂರನ್ನು ಯಾಕೆ ಬರೆದುಕೊಳ್ಳಲಿಲ್ಲ’ ಎಂದು ಕೇಳಿದರೆ? ‘ಅಪ್ಪ ಅಮ್ಮನ ನಡುವೆ ನೀನ್ಯಾಕೆ ತಲೆ ಹಾಕ್ತೀಯಮ್ಮ’ ಎಂಬ ಉತ್ತರ ಬರುವುದು ಅಪರೂಪವಲ್ಲ. ‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬ ಗಾದೆಯೂ ಹಿಂದೆಯೇ ಬರುತ್ತದೆ. ಸಾರಿಗೆ ಉಪ್ಪು ಹೆಚ್ಚಾಯಿತೆಂಬ ಜಗಳಕ್ಕೆ ಆ ಗಾದೆ ಸರಿ. ದೊಣ್ಣೆ, ಕತ್ತಿ ಹೊರಬಂದ ಮೇಲೂ ಅದನ್ನೇ ಕಾನೂನಿನ ಕಲಮಿನಂತೆ ಉದುರಿಸುವುದಿದೆಯಲ್ಲ, ತೊಂದರೆ ಅಲ್ಲಿದೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 18ರಿಂದ 49 ವರ್ಷದ ವಿವಾಹಿತೆಯರಲ್ಲಿ ಶೇಕಡಾ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದವರು. ದೇಶದಲ್ಲೇ ಇದು ಅತಿ ಹೆಚ್ಚು. ಅದೇ ಸಮೀಕ್ಷೆ ಇನ್ನೊಂದು ಮಾತನ್ನೂ ಹೇಳುತ್ತದೆ: ದೇಶದಲ್ಲಿ ಹೀಗೆ ಹಿಂಸೆಗೆ ಸಿಕ್ಕ ಹೆಂಗಸರಲ್ಲಿ ಯಾರಿಂದಲಾದರೂ ನೆರವು ಕೇಳಿದವರು ಶೇಕಡಾ 14 ಮಾತ್ರ, ಶೇಕಡಾ 77 ಮಂದಿ ನೆರವನ್ನೂ ಕೇಳಿಲ್ಲ, ಯಾರೊಡನೆ ಬಾಯನ್ನೂ ಬಿಟ್ಟಿಲ್ಲ. ಅಂದರೆ ಠಾಣೆಯ ತನಕ ಬಂದವಳು ಎಷ್ಟೋ ಅಂಜಿಕೆಗಳನ್ನು ದಾಟಿಯೇ ಬಂದಿರುತ್ತಾಳೆ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದಂಥ ಕಡೆ ಈ ದಾಟುವಿಕೆ ಇನ್ನೂ ಕಷ್ಟ. ಇಲ್ಲಿ ಊರೆಂದರೆ ಒತ್ತಾಗಿ ನಿಂತ ಮನೆಗಳ ಸಾಲಲ್ಲ. ಗುಡ್ಡದ ಬುಡದಲ್ಲಿ ಒಂದು ಅಡಿಕೆ ತೋಟ, ಅದರ ತಲೆಯಲ್ಲಿ ಒಂದು ಮನೆ. ಮುಂದಿನ ಮನೆ ಇನ್ನೊಂದು ಗುಡ್ಡದಾಚೆ. ಕೂಗಿದರೆ ಕೇಳುವವರಿಲ್ಲ. ಆಷಾಢದ ಮಳೆಯಲ್ಲಂತೂ ಪಕ್ಕದ ಕೋಣೆಯ ಮಾತೇ ಕೇಳದು. ಕಾಫಿ ತೋಟದ ಲೈನ್ ಮನೆಗಳಲ್ಲಿ ಇದರ ತಿರುವು ಮುರುವು. ಒಂದೇ ಗೋಡೆ, ಎಲ್ಲರಿಗೂ ಎಲ್ಲವೂ ಕೇಳುತ್ತದೆ, ಏಳುವವರು ಮಾತ್ರ ಯಾರೂ ಇಲ್ಲ. ಠಾಣೆಗೆ ಹೋದರೆ ಅಲ್ಲಿ ಕೂತವರೂ ಪರಿಚಿತರು, ರಾಜಿಗೆ ಬಂದವರೂ ಪರಿಚಿತರು. ಮಕ್ಕಳೋ, ಬೆಂಗಳೂರಿನಲ್ಲಿ. ಅಮ್ಮನ ದನಿ ಫೋನಿನಲ್ಲಿ ಬದಲಾದದ್ದರಿಂದಲೇ ಅವರು ಸಂಗತಿ ಊಹಿಸಬೇಕು.

ಮಕ್ಕಳು ಎದ್ದು ನಿಂತರೆ ಏನಾಗಬಹುದೆಂಬುದಕ್ಕೆ ಉತ್ತರ ಪ್ರದೇಶದ ಬುಲಂದ್‌ಶಹರ್‌ನ ಇಬ್ಬರು ಹುಡುಗಿಯರಿದ್ದಾರೆ. 2016ರ ಜೂನ್ 14ರ ಬೆಳಗ್ಗೆ ಅಮ್ಮನ ಚೀರಾಟಕ್ಕೆ ಅವರಿಗೆ ಎಚ್ಚರವಾಯಿತು. ಅವರಿದ್ದ ಕೋಣೆಯ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿತ್ತು. ತಾಯಿ ಉರಿಯುವುದನ್ನು ಅವರು ಒಳಗಿನಿಂದಲೇ ನೋಡಬೇಕಾಯಿತು. ಪೊಲೀಸರಿಗೂ ಆಂಬುಲೆನ್ಸಿಗೂ ಮಾಡಿದ ಕರೆಗಳಿಂದ ಪ್ರಯೋಜನವಾಗದೆ, ಕೊನೆಗೆ ಸೋದರಮಾವನನ್ನೂ ಅಜ್ಜಿಯನ್ನೂ ಕರೆಸಿಕೊಂಡೆವೆಂದು ಅವರು ಹೇಳಿದರು. ಕೆಲವೇ ದಿನಗಳಲ್ಲಿ ತಾಯಿ ತೀರಿಕೊಂಡಳು. ಗಂಡುಮಗು ಹೆರಲಿಲ್ಲವೆಂದು ಅಪ್ಪ ಆಕೆಯನ್ನು ಹೊಡೆಯುತ್ತಿದ್ದನೆಂಬುದು ಮಕ್ಕಳ ಮಾತು. ತನಿಖಾಧಿಕಾರಿ ಮಾತ್ರ ಕೊಲೆಯನ್ನು ಆತ್ಮಹತ್ಯೆಯಾಗಿ ಬದಲಿಸಿದ ಆರೋಪಕ್ಕೆ ಗುರಿಯಾದ. ಆಗ 15 ಮತ್ತು 11 ವರ್ಷದ ಆ ಅಕ್ಕ ತಂಗಿ ಮುಖ್ಯಮಂತ್ರಿಯಾಗಿದ್ದ ಅಖಿಲೇಶ್ ಯಾದವ್ ಅವರಿಗೆ ತಮ್ಮ ರಕ್ತದಲ್ಲೇ ಪತ್ರ ಬರೆದರು. ಹಿರಿಯ ಅಧಿಕಾರಿಗಳ ಉಸ್ತುವಾರಿಗೆ ಆದೇಶವಾಯಿತು. ಆರು ವರ್ಷಗಳ ನಂತರ, 2022ರ ಜುಲೈನಲ್ಲಿ, ಮಕ್ಕಳ ಕಣ್ಣಾರೆ ಕಂಡ ಸಾಕ್ಷ್ಯದ ಮೇಲೆ ಅಪ್ಪನಿಗೆ ಜೀವಾವಧಿ ಶಿಕ್ಷೆಯಾಯಿತು.

ಶಾಯಿಯಲ್ಲಿ ಬರೆದ ದೂರನ್ನು ಓದುವವರಿದ್ದರೆ ಆ ಮಕ್ಕಳು ಬೆರಳು ಚುಚ್ಚಿಕೊಳ್ಳಬೇಕಿರಲಿಲ್ಲ. ಹಾಗೆ ಓದಲೇಬೇಕೆಂದು ಕಾನೂನು ಹೇಳಿಯೂ ಇದೆ, ಒಮ್ಮೆಯಲ್ಲ, ಹಲವು ಸಲ.

ಗಂಡ ಮತ್ತು ಅವನ ಕಡೆಯವರ ಕ್ರೌರ್ಯವನ್ನು ಅಪರಾಧವೆಂದು ಹೇಳುವ 498ಎ ಕಲಮು ಭಾರತೀಯ ದಂಡ ಸಂಹಿತೆಗೆ ಸೇರಿದ್ದು 1983ರಲ್ಲಿ. 2024ರ ಜುಲೈ 1ರಿಂದ ಈಚಿನ ಘಟನೆಗಳಿಗೆ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳು ಅನ್ವಯಿಸುತ್ತವೆ. ಈ ದೂರನ್ನು ಯಾರು ಕೊಡಬಹುದು? ನೊಂದವಳೇ ಆಗಬೇಕೆಂದಿಲ್ಲ. ರಕ್ತಸಂಬಂಧದಿಂದ, ಮದುವೆಯಿಂದ ಅಥವಾ ದತ್ತಕದಿಂದ ಅವಳಿಗೆ ನೆಂಟರಾದ ಯಾರೇ ಠಾಣಾಧಿಕಾರಿಗೆ ಮಾಹಿತಿ ಕೊಟ್ಟರೂ ಅದು ಪೊಲೀಸರು ತಾವಾಗಿ ತನಿಖೆ ಮಾಡಬಹುದಾದ ಅಪರಾಧವೇ. ಮಗಳಿಗಿಂತ ಹತ್ತಿರದ ರಕ್ತಸಂಬಂಧ ಇನ್ನಾವುದು? ‘ನೀನ್ಯಾಕೆ ತಲೆ ಹಾಕ್ತೀಯ’ ಎಂಬ ಪ್ರಶ್ನೆಗೆ ಕಾನೂನಿನ ಪುಸ್ತಕದಲ್ಲಿ ಜಾಗವೇ ಇಲ್ಲ.

ಇನ್ನು ದೂರು ಕೊಟ್ಟ ಮೇಲಿನ ಮಾತು. ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2013ರ ನವೆಂಬರ್ 12ರಂದು ಕೊಟ್ಟ ತೀರ್ಪನ್ನು ಇಲ್ಲಿ ನೆನೆಯಲೇಬೇಕು. ಮಗಳನ್ನು ಅಪಹರಿಸಿದ್ದಾರೆಂದು ತಂದೆ ಕೊಟ್ಟ ದೂರನ್ನು ಪೊಲೀಸರು ದಾಖಲಿಸದೆ ಕೂತದ್ದರಿಂದ ಹುಟ್ಟಿದ ಮೊಕದ್ದಮೆ ಅದು. ಸಂಜ್ಞೇಯ ಅಪರಾಧ ನಡೆದಿದೆ ಎಂದು ಮಾಹಿತಿಯಿಂದ ಕಂಡರೆ ಎಫ್‌ಐಆರ್ ಕಡ್ಡಾಯ ಎಂದಿತು ಪೀಠ. ಗಂಡ ಹೆಂಡಿರ, ಕುಟುಂಬದ ವ್ಯಾಜ್ಯಗಳಲ್ಲಿ ಪ್ರಾಥಮಿಕ ವಿಚಾರಣೆ ಮಾಡಬಹುದು, ನಿಜ. ಆದರೆ ಅದು ದೂರು ಸತ್ಯವೋ ಸುಳ್ಳೋ ಎಂದು ತೂಗುವುದಕ್ಕಲ್ಲ, ಅಂಥ ಅಪರಾಧ ಕಾಣುತ್ತದೆಯೇ ಎಂದು ನೋಡುವುದಕ್ಕಷ್ಟೆ. ದೂರನ್ನು ಅಲ್ಲಿಗೇ ಮುಕ್ತಾಯ ಮಾಡಿದರೆ ಕಾರಣ ಬರೆದು, ಅದರ ಪ್ರತಿಯನ್ನು ಒಂದು ವಾರದೊಳಗೆ ದೂರುದಾರರಿಗೆ ಕೊಡಬೇಕು. ಬಂದ ಮಾಹಿತಿಯೆಲ್ಲ ಠಾಣಾ ದಿನಚರಿಯಲ್ಲಿ ಇರಬೇಕು. ಈಗಿನ ನಾಗರಿಕ ಸುರಕ್ಷಾ ಸಂಹಿತೆ ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಇಂಥ ವಿಚಾರಣೆಗೆ ಡಿವೈಎಸ್‌ಪಿ ದರ್ಜೆಯ ಅಧಿಕಾರಿಯ ಮುಂಗಡ ಅನುಮತಿ ಬೇಕೆಂದೂ 14 ದಿನದಲ್ಲಿ ಮುಗಿಸಬೇಕೆಂದೂ ಹೇಳುತ್ತದೆ. ‘ಕರೆಸಿ ಬುದ್ಧಿ ಹೇಳಿ ಕಳಿಸಿದ್ದೇವೆ’ ಎಂಬುದು ಇದರಲ್ಲಿ ಎಲ್ಲಿಯೂ ಬರುವುದಿಲ್ಲ.

ಮುಚ್ಚಳಿಕೆ ಎಂಬುದು ಕಾನೂನಿನಲ್ಲಿ ಇಲ್ಲವೇ ಇಲ್ಲವೆಂದಲ್ಲ. ಶಾಂತಿ ಕಾಪಾಡಲು ಬಾಂಡ್ ಬರೆಸಿಕೊಳ್ಳುವ ಅಧಿಕಾರ ಕಾರ್ಯನಿರ್ವಾಹಕ ದಂಡಾಧಿಕಾರಿಗಿದೆ. ತಾಲ್ಲೂಕಿನಲ್ಲಿ ಆ ಅಧಿಕಾರ ತಹಶೀಲ್ದಾರರದು. ಆ ಬಾಂಡ್ ಮುರಿದರೆ ಹಣ ಮುಟ್ಟುಗೋಲಾಗುತ್ತದೆ. ಠಾಣೆಯ ಬೆಂಚಿನ ಮೇಲೆ ಬರೆದ ಕಾಗದವನ್ನು ಮುರಿದರೆ? ಇನ್ನೊಂದು ಕಾಗದ ಬರೆಸುತ್ತಾರೆ, ಅಷ್ಟೆ.

ಹಾಗಾದರೆ ಮಕ್ಕಳು ಮಾಡಬಹುದಾದದ್ದೇನು? ದೂರನ್ನು ಬಾಯಲ್ಲಿ ಹೇಳಿ ಬರಬಾರದು. ಬರೆದು ಕೊಟ್ಟು ಸ್ವೀಕೃತಿ ಕೇಳಬೇಕು. ಆಸ್ಪತ್ರೆಗೆ ಹೋದಾಗ ‘ಜಾರಿ ಬಿದ್ದೆ’ ಎಂದು ಅಮ್ಮ ಹೇಳದಂತೆ ನೋಡಿಕೊಳ್ಳಬೇಕು. ವೈದ್ಯರ ಗಾಯದ ಪ್ರಮಾಣಪತ್ರಕ್ಕಿಂತ ಗಟ್ಟಿಯಾದ ಕಾಗದ ಮುಂದೆ ಸಿಗುವುದು ಕಷ್ಟ. ಊರಿನ ಠಾಣೆಯಲ್ಲಿ ಆಗದಿದ್ದರೆ ಬೇರೆ ಠಾಣೆಯಲ್ಲೂ ದೂರು ಕೊಡಬಹುದು, ಅಪರಾಧ ಎಲ್ಲಿ ನಡೆದಿದ್ದರೂ ಮಾಹಿತಿಯನ್ನು ಬರೆದುಕೊಳ್ಳಬೇಕೆಂದು ಹೊಸ ಸಂಹಿತೆ ಹೇಳುತ್ತದೆ. ಬೆಂಗಳೂರಿನ ಮಗನಿಗೋ ಮಗಳಿಗೋ ಇದು ದೊಡ್ಡ ಅನುಕೂಲ. ಠಾಣೆ ನಿರಾಕರಿಸಿದರೆ ದೂರಿನ ಸಾರಾಂಶವನ್ನು ಚಿಕ್ಕಮಗಳೂರಿನ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳಿಸಬೇಕು. ಸ್ಪೀಡ್ ಪೋಸ್ಟಿನ ರಸೀದಿ ಜೋಪಾನ. ಅಲ್ಲಿಯೂ ಅಲುಗಾಟವಿಲ್ಲದಿದ್ದರೆ ಪ್ರಮಾಣಪತ್ರದೊಡನೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ. ಅದಕ್ಕಾಗಿ ಘಟ್ಟ ಸುತ್ತಿ ಜಿಲ್ಲಾ ಕೇಂದ್ರಕ್ಕೆ ಓಡಬೇಕಾಗಿಲ್ಲ, ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ಕಡೆ ನ್ಯಾಯಾಲಯಗಳಿವೆ. ಆದರೆ ಮೊದಲಿನ ಮೆಟ್ಟಿಲುಗಳನ್ನು ಹತ್ತಿದ್ದಕ್ಕೆ ಪುರಾವೆ ಇಲ್ಲದೆ ನೇರ ಅಲ್ಲಿಗೆ ಹೋದರೆ ಅರ್ಜಿ ನಿಲ್ಲುವುದು ಕಷ್ಟ. ರಸೀದಿಯ ಮಾತು ಹೇಳಿದ್ದು ಅದಕ್ಕೇ.

ಎಲ್ಲ ಅಮ್ಮಂದಿರೂ ಗಂಡನನ್ನು ಜೈಲಿಗೆ ಕಳಿಸಲು ಒಪ್ಪುವುದಿಲ್ಲ. ಹೊಡೆತ ನಿಂತರೆ ಸಾಕು, ತಲೆಯ ಮೇಲೆ ಸೂರು ಉಳಿದರೆ ಸಾಕು ಎನ್ನುವವರೇ ಹೆಚ್ಚು. ಅಂಥವರಿಗಾಗಿ 2006ರ ಅಕ್ಟೋಬರ್ 26ರಂದು ಜಾರಿಗೆ ಬಂದ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಇದೆ. ನೊಂದವಳ ಪರವಾಗಿ ಬೇರೆ ಯಾರಾದರೂ ಅರ್ಜಿ ಹಾಕಬಹುದೆಂದು ಇದರ 12ನೇ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಅಮ್ಮ ತಾತ್ಕಾಲಿಕವಾಗಿ ಮಗಳ ಮನೆಯಲ್ಲಿದ್ದರೆ ಆ ಊರಿನ ನ್ಯಾಯಾಲಯದಲ್ಲೂ ಹಾಕಬಹುದು. ಕರ್ನಾಟಕದಲ್ಲಿ ಇದರ ಸಂರಕ್ಷಣಾಧಿಕಾರಿಯೆಂದರೆ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂದರೆ ಅಂಗನವಾಡಿಗಳನ್ನು ನೋಡಿಕೊಳ್ಳುವ ಸಿಡಿಪಿಒ. ಇದು ಎಷ್ಟೋ ಜನರಿಗೆ ಗೊತ್ತಿಲ್ಲ. ಠಾಣೆಗೆ ದೂರು ಬಂದಾಗ ಈ ಹಕ್ಕುಗಳನ್ನೆಲ್ಲ ಆಕೆಗೆ ತಿಳಿಸುವುದು ಪೊಲೀಸರ ಕರ್ತವ್ಯವೆಂದು 5ನೇ ಕಲಮು ಹೇಳುತ್ತದೆ. ಮ್ಯಾಜಿಸ್ಟ್ರೇಟರ ರಕ್ಷಣಾ ಆದೇಶವನ್ನು ಮುರಿದರೆ ಒಂದು ವರ್ಷದವರೆಗೆ ಸೆರೆವಾಸ, ಇಲ್ಲವೇ 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಠಾಣೆಯ ಮುಚ್ಚಳಿಕೆಗೂ ಇದಕ್ಕೂ ಇರುವ ಅಂತರ ಇದು.

‘ಅವಳೇ ದೂರು ವಾಪಸು ತಗೊಂಡಳಲ್ಲ, ನಾವೇನು ಮಾಡೋಣ’ ಎಂಬುದು ಇಂಥ ಕಡೆ ಕೇಳಿಬರುವ ಕೊನೆಯ ಸಮಾಧಾನ. ಟರ್ಕಿ ಸರ್ಕಾರವೂ ಇದನ್ನೇ ಹೇಳಿತ್ತು. ಅಲ್ಲಿಯ ನಾಹಿದೆ ಓಪುಜ್ ಮತ್ತು ಆಕೆಯ ತಾಯಿ ನಾಹಿದೆಯ ಗಂಡನ ಮೇಲೆ ಮತ್ತೆ ಮತ್ತೆ ದೂರು ಕೊಟ್ಟಿದ್ದರು, ಬೆದರಿ ಮತ್ತೆ ಮತ್ತೆ ಹಿಂದಕ್ಕೆ ಪಡೆದಿದ್ದರು. ಅವನು ಅವರ ಮೇಲೆ ಕಾರು ಹತ್ತಿಸಿದ್ದ. ಇನ್ನೊಮ್ಮೆ ಹೆಂಡತಿಗೆ ಏಳು ಸಲ ಚಾಕು ಹಾಕಿ ಬರೀ ದಂಡ ಕಟ್ಟಿ ಹೊರಬಂದಿದ್ದ. ತನ್ನ ಜೀವಕ್ಕೆ ಅಪಾಯವಿದೆ ಎಂದು ತಾಯಿ 2002ರ ಫೆಬ್ರುವರಿಯಲ್ಲಿ ಮತ್ತೆ ದೂರಿತ್ತಳು. ಮಾರ್ಚ್ 11ರಂದು ಅವನ ಗುಂಡಿಗೆ ಸತ್ತಳು. ತಾಯಿಯನ್ನು ಕಾಯಲಿಲ್ಲವೆಂದು ಮಗಳು ಸರ್ಕಾರದ ಮೇಲೇ ಹೋದಳು. 2009ರ ಜೂನ್ 9ರಂದು ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಅವಳ ಕಡೆ ತೀರ್ಪಿತ್ತಿತು. ಅಪರಾಧ ಗಂಭೀರವಾದಷ್ಟೂ, ಅಪಾಯ ಮುಂದುವರಿದಷ್ಟೂ, ದೂರು ವಾಪಸಾದರೂ ಸರ್ಕಾರ ಮೊಕದ್ದಮೆ ನಡೆಸಬೇಕಾದ ಅಗತ್ಯ ಹೆಚ್ಚುತ್ತದೆ ಎಂದಿತು. ಆ ತೀರ್ಪು ನಮ್ಮ ನ್ಯಾಯಾಲಯಗಳನ್ನು ಕಟ್ಟಿಹಾಕುವುದಿಲ್ಲ. ಆದರೆ ‘ನನಗೆ ಇಷ್ಟವಿಲ್ಲ’ ಎಂಬ ಸಹಿಯ ಹಿಂದೆ ಏನಿರಬಹುದೆಂದು ಊಹಿಸಲು ನಮ್ಮ ಠಾಣಾಧಿಕಾರಿಗಳಿಗೆ ಟರ್ಕಿಯ ತನಕ ಹೋಗುವ ಅಗತ್ಯವೂ ಇಲ್ಲ.

ವಕೀಲರ ಖರ್ಚಿಗೆ ಹೆದರಿ ಹಿಂಜರಿಯುವವರಿಗೆ ಒಂದು ಮಾತು. ಆದಾಯ ಎಷ್ಟೇ ಇರಲಿ, ಹೆಂಗಸರೆಲ್ಲರಿಗೂ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಉಚಿತ ವಕೀಲರು ಸಿಗುತ್ತಾರೆ. ತಾಲ್ಲೂಕು ಕಾನೂನು ಸೇವೆಗಳ ಸಮಿತಿ ಎಲ್ಲಿದೆ ಎಂದು ಕೋರ್ಟಿನಲ್ಲಿ ಕೇಳಿದರೆ ಹೇಳುತ್ತಾರೆ. ಹೋಗುವಾಗ ದೂರಿನ ಪ್ರತಿ, ಗಾಯದ ಪ್ರಮಾಣಪತ್ರ, ಅಂಚೆಯ ರಸೀದಿ ಜೊತೆಗಿರಲಿ. ಹಳೆಯ ಮುಚ್ಚಳಿಕೆಗಳಿದ್ದರೆ ಅವನ್ನೂ ಬಿಡಬೇಡಿ. ಎಷ್ಟು ಸಲ ಬರೆಸಿಕೊಂಡಿದ್ದಾರೆಂಬುದಕ್ಕೆ ಅವೇ ಲೆಕ್ಕ.