ಹಂಚಿಕೊಂಡು ಉಣ್ಣುವ ಊಟ

ಲೋಕಲ್ ಗಾಡಿ ಇಳಿದು ಯಜಮಾನರು ಮನೆ ಸೇರುವುದು ರಾತ್ರಿ 9ಕ್ಕೆ. ಅವರು ಉಂಡೆದ್ದ ಮೇಲೆ ಗೃಹಿಣಿಗೆ ಆರಿದ ಊಟ. ಬೈಕುಲ್ಲಾದ ನಮ್ಮವರ ಎಷ್ಟೋ ಮನೆಗಳ ಕಥೆಯಿದು.

ಸ್ಪೇನ್ ದೇಶದವರ ‘ತಾಪಾಸ್’ ಪದ್ಧತಿ ಇಲ್ಲಿ ಅನುಕರಣೀಯ. ಆಲಿವ್ ಕಾಯಿ, ಆಲೂಗಡ್ಡೆ-ಮೊಟ್ಟೆಯ ತೊರ್ತಿಯಾ, ಬೆಳ್ಳುಳ್ಳಿ ಹಾಕಿದ ಸೀಗಡಿ ಪುಟ್ಟ ತಟ್ಟೆಗಳಲ್ಲಿ ಬರುತ್ತವೆ. ಮಾತನಾಡುತ್ತ ಹಂಚಿಕೊಂಡು ತಿನ್ನುತ್ತಾರೆ. ಹೊಟ್ಟೆ ತುಂಬಿದ ಅರಿವು ಮೂಡಲು ಸುಮಾರು 20 ನಿಮಿಷ ಬೇಕಾಗುವುದರಿಂದ, ಸಾವಕಾಶವಾಗಿ ಉಣ್ಣುವವರು ಮಿತಿ ಮೀರುವುದು ಕಡಿಮೆ. ಆದರೆ ಉಪ್ಪುನೀರಿನ ಆಲಿವ್ ರಕ್ತದೊತ್ತಡವುಳ್ಳವರಿಗೆ ಮಿತವಾಗಿರಲಿ.

ದಂಪತಿಗಳಿಗೆ ಸ್ಪ್ಯಾನಿಷ್ ಹೋಟೆಲೇ ಬೇಕೆಂದಿಲ್ಲ. ತಿಂಗಳಿಗೊಂದು ಸಂಜೆ ಉಡುಪಿ ಹೋಟೆಲಿನಲ್ಲಿ ಒಂದು ದೋಸೆ, ಒಂದು ಪ್ಲೇಟು ಇಡ್ಲಿ ತರಿಸಿ ಹಂಚಿಕೊಳ್ಳಿರಿ. ಬಳಿಕ ರಾಣಿಬಾಗಿನ ಬದಿಯಲ್ಲಿ ಹತ್ತು ನಿಮಿಷ ಅಡ್ಡಾಡಿರಿ. ಸಕ್ಕರೆ ಕಾಯಿಲೆಯವರಿಗೂ ಅದು ಹಿತ. ಅಂದಾದರೂ ಆಕೆಗೆ, ಪತಿಯೊಡನೆಯೇ, ಬಿಸಿ ತುತ್ತು ಸಿಗಲಿ.